ಸೋತವನ ಹೆಸರು ಉಳಿಸಿದ ಆಟ

ಆಟವೆಂದರೆ ಕಾಲಹರಣ, ಚದುರಂಗವೆಂದರೆ ಅರ್ಧ ಜೂಜು ಎಂಬ ಭಾವನೆ ನಮ್ಮ ಸಮಾಜದ ಹಿರಿಯರಲ್ಲಿ ಬಹುಕಾಲದಿಂದ ಬೇರೂರಿದೆ. ಮಕ್ಕಳ ಮುಂದೆ ಮಣೆ ಹಾಸಿದ್ದು ಕಂಡರೆ, 'ಪಾಂಡವರು ರಾಜ್ಯ ಕಳೆದುಕೊಂಡದ್ದು ಹೀಗೆಯೇ' ಎಂದು ಗದರುವ ತಾತಂದಿರು ಹಿಂದೆ ಪ್ರತಿ ಮನೆಯಲ್ಲಿಯೂ ಇದ್ದರು. ಈಗಿನ ತಂದೆ ತಾಯಂದಿರದು ಬೇರೊಂದು ಬಗೆ. ಮಗು ಗೆಲ್ಲುವವರೆಗೆ ಅವರಿಗೆ ಆಟ ಪ್ರಿಯ; ಸೋತ ದಿನ ಅದೇ ಆಟ ಓದಿಗೆ ಕಂಟಕ. ಈ ಎರಡು ಮನೋಧರ್ಮಗಳನ್ನೂ ನಾವು ನಮ್ಮ ಮನೆಯಲ್ಲಿಯೇ ಕಂಡಿದ್ದೇವೆ. ಕಳೆದ ಮಳೆಗಾಲದಲ್ಲಿ ನಡೆದ ಒಂದು ಪ್ರಸಂಗ ಈ ವಿಷಯವನ್ನು ಮರಳಿ ಆಲೋಚಿಸುವಂತೆ ಮಾಡಿದ್ದರಿಂದ, ಅದನ್ನು ಓದುಗ ಬಂಧುಗಳ ಮುಂದೆ ಇಡುತ್ತಿದ್ದೇವೆ.

ರಾಮನಗರದ ಒಂದು ಮಧ್ಯಾಹ್ನ

ಅಂದು ರಾಮನಗರದಲ್ಲಿ ಶಾಲಾ ಮಕ್ಕಳ ಚದುರಂಗ ಸ್ಪರ್ಧೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಕಡೆಯ ಮಕ್ಕಳು ಬಂದಿದ್ದರು. ರೇಷ್ಮೆ ಗೂಡಿನ ಮಾರುಕಟ್ಟೆಗೆ ಚೀಲ ಹೊತ್ತು ಬಂದ ಕೆಲವು ರೈತರು, ಗೂಡು ಹರಾಜಾದ ಮೇಲೆ ಹಾಗೆಯೇ ಮಗನ ಆಟ ನೋಡಲು ಬಂದು ಬಾಗಿಲ ಬಳಿ ನಿಂತಿದ್ದರು. ಹನ್ನೆರಡು ವರ್ಷದ ನಮ್ಮ ಮೊಮ್ಮಗನೂ ಆಡುವವರಲ್ಲಿ ಒಬ್ಬ. ಕೊನೆಯ ಸುತ್ತಿನಲ್ಲಿ ಅವನಿಗೆ ಎದುರಾದವನು ಚನ್ನಪಟ್ಟಣದ ಹುಡುಗ. ಅವನ ತಂದೆ ಬಣ್ಣದ ಬೊಂಬೆ ಕಡೆಯುವ ಕಸುಬಿನವರು. ಗೆದ್ದವನು ರಾಜ್ಯಮಟ್ಟಕ್ಕೆ ಹೋಗುವುದೆಂದು ನಿಶ್ಚಯವಾಗಿತ್ತು.

ಮೊಮ್ಮಗನದು ಕರಿಯ ಕಾಯಿ. ಆಟ ಸಮಸಮವಾಗಿ ನಡೆಯುತ್ತಿತ್ತು. ಒಂದು ಘಟ್ಟದಲ್ಲಿ ಎದುರಾಳಿ ಹುಡುಗನು ಬಗ್ಗಿ ನೀರಿನ ಬಾಟಲಿ ತೆಗೆದುಕೊಳ್ಳುತ್ತಿದ್ದನು. ಅದೇ ಕ್ಷಣ ಮೊಮ್ಮಗನು ರಾಜನ ಪಕ್ಕದ ಆನೆಯ ಮೇಲೆ ಬೆರಳಿಟ್ಟನು. ಇಟ್ಟೊಡನೆಯೇ ತಪ್ಪು ಕಂಡಿತು. ಆ ಆನೆ ಸರಿದರೆ ರಾಜನ ಕಾವಲು ಒಡೆಯುವುದೆಂದು ಅವನಿಗೆ ತಿಳಿಯಿತು. ಆದರೆ ಮುಟ್ಟಿದ ಕಾಯಿಯನ್ನೇ ನಡೆಸಬೇಕೆಂಬುದು ಸ್ಪರ್ಧೆಯ ನಿಯಮ. ತೀರ್ಪುಗಾರರು ಕೋಣೆಯ ಇನ್ನೊಂದು ತುದಿಯಲ್ಲಿದ್ದರು. ಎದುರಾಳಿಯ ತಲೆ ಮೇಜಿನ ಕೆಳಗಿತ್ತು. ಹುಡುಗನು ಒಂದು ನಿಮಿಷ ಸುಮ್ಮನೆ ಕುಳಿತಿದ್ದು, ಆ ಆನೆಯನ್ನೇ ಸರಿಸಿದನು. ಹತ್ತು ನಡೆಗಳೊಳಗೆ ಆಟ ಮುಗಿಯಿತು.

ಸಂಜೆ ಮನೆಯಲ್ಲಿ ವಿಷಯ ತಿಳಿದಾಗ ನಮ್ಮ ಮಗನಿಗೆ ತಡೆಯಲಾಗದ ಕೋಪ ಬಂದಿತು.

"ಯಾರು ನೋಡಿದ್ದರು? ಬೇರೆ ಕಾಯಿ ನಡೆಸಬಾರದಾಗಿತ್ತೇ?"

"ಮುಟ್ಟಿದ್ದೆನಲ್ಲಾ ಅಪ್ಪಾ," ಎಂದನು ಹುಡುಗ.

"ಇನ್ನು ಮೇಲೆ ಮುಟ್ಟುವುದೇ ಬೇಡ. ಓದಿಕೋ ಹೋಗು."

ಮಣೆಯೂ ಕಾಯಿಗಳೂ ಒಂದು ಚೀಲ ಸೇರಿ ಅಟ್ಟ ಹತ್ತಿದವು. ಹುಡುಗನು ಅಳಲಿಲ್ಲ, ಊಟವನ್ನೂ ಮಾಡಲಿಲ್ಲ. ಸೊಸೆ ಎರಡು ಬಾರಿ ತಟ್ಟೆ ಹಿಡಿದು ಹೋಗಿ ಹಿಂದಿರುಗಿದಳು. ನಾವು ಆ ರಾತ್ರಿ ಏನನ್ನೂ ಹೇಳಲಿಲ್ಲ. ಹೇಳದಿರುವುದಕ್ಕೆ ನಮ್ಮದೇ ಆದ ಒಂದು ಕಾರಣವಿತ್ತು. ಅದನ್ನು ಮುಂದೆ ನಿವೇದಿಸುತ್ತೇವೆ.

ಎರಡು ದಿನಗಳ ಮೇಲೆ ಹುಡುಗನನ್ನು ಮಾತಿಗೆಳೆಯಲೆಂದು, ಅವನು ಆಡಿದ ಆರಂಭ ಯಾವುದೆಂದು ಕೇಳಿದೆವು. ಚದುರಂಗದಲ್ಲಿ ಮೊದಲ ಹತ್ತು ಹದಿನೈದು ನಡೆಗಳ ಕ್ರಮಕ್ಕೆ ಒಂದೊಂದು ಹೆಸರಿದೆ. "ಗ್ರೂನ್‌ಫೆಲ್ಡ್ ರಕ್ಷಣೆ ತಾತ. ಅದು ಇಂಡಿಯನ್ ರಕ್ಷಣೆಗಳಲ್ಲಿ ಒಂದು," ಎಂದನು. ಹೆಸರಿನಲ್ಲಿ ಜರ್ಮನ್ ನುಡಿಯ ಧ್ವನಿ, ಕುಲದಲ್ಲಿ ಭಾರತದ ಹೆಸರು! ಇದೇಕೆ ಹೀಗೆ ಎಂದರೆ ಅವನಿಗೆ ತಿಳಿಯದು; ಕಲಿಸಿದವರೂ ಹೇಳಿರಲಿಲ್ಲ. ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರಿಂದ ಕೆಲವು ಗ್ರಂಥಗಳನ್ನು ತರಿಸಿ ನೋಡಿದಾಗ ತಿಳಿದುಬಂದ ಸಂಗತಿ ಸ್ವಾರಸ್ಯವಾದುದು.

ದಾಳವಿಲ್ಲದ ಆಟ

ಮೊದಲು ಜೂಜಿನ ಮಾತು. ಧರ್ಮರಾಯನು ಆಡಿ ಕೆಟ್ಟದ್ದು ದ್ಯೂತ. ಅಲ್ಲಿ ದಾಳ ಉರುಳುತ್ತದೆ; ಬಿದ್ದ ಗರವೇ ಆಟಗಾರನ ಹಣೆಬರಹ. ಚದುರಂಗದಲ್ಲಿ ದಾಳಕ್ಕೆ ಸ್ಥಾನವಿಲ್ಲ. ಪ್ರಾಚೀನ ಕಾಲದಲ್ಲಿ ನಾಲ್ವರು ಕೂಡಿ ದಾಳ ಹಾಕಿ ಆಡುವ ಒಂದು ಬಗೆಯೂ ಇತ್ತೆಂಬುದು ನಿಜ. ಆದರೆ ಇಬ್ಬರ ಆಟ ದಾಳವನ್ನು ಬಿಟ್ಟುಕೊಟ್ಟಿತು. ಇಬ್ಬರ ಬಲವೂ ಸಮ. ಎಲ್ಲ ಕಾಯಿಗಳೂ ಇಬ್ಬರ ಕಣ್ಣೆದುರಿನಲ್ಲಿ. ಇಲ್ಲಿ ಸೋತವನು ವಿಧಿಯನ್ನು ದೂರುವಂತಿಲ್ಲ. ಈ ಒಂದು ಗುಣದಿಂದಲೇ ಚದುರಂಗವು ಜೂಜಿನಿಂದ ಬೇರೆಯಾಗಿ ವಿದ್ಯೆಗಳ ಸಾಲಿಗೆ ಸೇರಿತೆಂದು ನಮ್ಮ ಭಾವನೆ.

ಕನ್ನಡ ನಾಡಿಗೂ ಈ ಆಟಕ್ಕೂ ಇರುವ ನಂಟು ಹಳೆಯದು. ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಮೊದಲರ್ಧದಲ್ಲಿ ರಚಿಸಿದ 'ಮಾನಸೋಲ್ಲಾಸ'ವೆಂಬ ಸಂಸ್ಕೃತ ಗ್ರಂಥದಲ್ಲಿ, ಅರಸನ ವಿನೋದಗಳ ಭಾಗದಲ್ಲಿ ಚದುರಂಗದ ವಿವರಣೆ ಬರುತ್ತದೆ. ಬಸವಣ್ಣನವರು ಬಿಜ್ಜಳನ ಆಸ್ಥಾನದಲ್ಲಿ ಕಾಯಕ ಮಾಡಿದ ಕಲ್ಯಾಣಕ್ಕಿಂತ ಒಂದು ತಲೆಮಾರು ಹಿಂದಿನ ಅದೇ ಕಲ್ಯಾಣವಿದು ಎಂಬುದನ್ನು ಇಲ್ಲಿ ಸ್ಮರಿಸಬಹುದು.

ಇನ್ನೂ ಹತ್ತಿರದ ನಿದರ್ಶನ ಮೈಸೂರಿನದು. ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ೧೭೯೯ರಲ್ಲಿ ಪಟ್ಟವಾದಾಗ ಐದು ವರ್ಷದ ಬಾಲಕ. ನಮ್ಮ ರಾಮನಗರಕ್ಕೆ ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತಷ್ಟೆ. ಆ ಹೆಸರು ಬಂದುದು ಅದೇ ಕಾಲದಲ್ಲಿ ಮೈಸೂರಿನ ರೆಸಿಡೆಂಟರಾಗಿದ್ದ ಬ್ಯಾರಿ ಕ್ಲೋಸ್ ಎಂಬವರಿಂದ. ೧೮೩೧ರಲ್ಲಿ ಆಂಗ್ಲರು ಮುಮ್ಮಡಿಯವರಿಂದ ಆಡಳಿತವನ್ನು ಕಿತ್ತುಕೊಂಡರು. ೧೮೬೮ರಲ್ಲಿ ಕಾಲವಾಗುವವರೆಗೂ ಅವರಿಗೆ ಅದು ಮರಳಿ ದೊರೆಯಲಿಲ್ಲ. ಕೈಯಲ್ಲಿದ್ದ ರಾಜ್ಯ ಹೋದ ಅರಸರು ಸಾಹಿತ್ಯ, ಚಿತ್ರಕಲೆ, ಆಟಗಳ ಕಡೆ ಮನಸ್ಸನ್ನು ತಿರುಗಿಸಿದರು. ಅವರ ಹೆಸರಿನ 'ಶ್ರೀತತ್ತ್ವನಿಧಿ'ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೇ ಮೀಸಲು. ಕುದುರೆಯೊಂದು ಅರುವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಕುದುರೆ ನಡೆಯ ಬಂಧಗಳನ್ನು ಅವರು ರಚಿಸಿದರು. ಅವುಗಳಲ್ಲಿ ಒಂದರಲ್ಲಿ, ಕುದುರೆ ಮುಟ್ಟಿದ ಕ್ರಮದಲ್ಲಿ ೧ರಿಂದ ೬೪ರವರೆಗೆ ಅಂಕಿ ಬರೆದರೆ, ಯಾವ ಅಡ್ಡಸಾಲನ್ನು ಕೂಡಿದರೂ ಯಾವ ಕಂಬಸಾಲನ್ನು ಕೂಡಿದರೂ ೨೬೦ ಬರುತ್ತದೆ. ಇಂತಹ ಬುದ್ಧಿಯ ಕೆಲಸವನ್ನು ಕಾಲಹರಣವೆನ್ನುವುದು ಹೇಗೆ?

ಒಂದೇ ಮನೆಯ ನಡಿಗೆ

ನಮ್ಮ ನಾಡಿನಲ್ಲಿ ಹುಟ್ಟಿದ ಈ ಆಟ ಪಾರಸಿಕರ ಮೂಲಕ ಪಡುವಣ ದೇಶಗಳಿಗೆ ಹೋಯಿತು. ಅಲ್ಲಿ ೧೫ನೆಯ ಶತಮಾನದ ಕೊನೆಯ ಹೊತ್ತಿಗೆ ಆಟಕ್ಕೆ ವೇಗ ಬಂದಿತು. ಮಂತ್ರಿಗೂ ಒಂಟೆಗೂ ದೂರ ನಡೆಯುವ ಶಕ್ತಿ ಬಂದಿತು. ಪದಾತಿಯು ಮೊದಲ ಬಾರಿ ಎರಡು ಮನೆ ನಡೆಯಬಹುದೆಂಬ ನಿಯಮ ನೆಲೆಗೊಂಡಿತು. ನಮ್ಮಲ್ಲಿ ಮಾತ್ರ ಪದಾತಿ ಒಂದೊಂದೇ ಮನೆ ನಡೆಯುತ್ತಿತ್ತು. ರಾಜನನ್ನು ಆನೆಯ ಮರೆಗೆ ಸರಿಸಿ ಕೋಟೆ ಕಟ್ಟುವ ಪದ್ಧತಿಯಿರಲಿಲ್ಲ. ಅದರ ಬದಲು ರಾಜನು ಆಟದಲ್ಲಿ ಒಮ್ಮೆ ಕುದುರೆಯಂತೆ ನೆಗೆಯಬಹುದಾಗಿತ್ತು. ತುದಿ ಮುಟ್ಟಿದ ಪದಾತಿ, ಅನೇಕ ಕಡೆ, ಆ ಸಾಲಿನ ಮೂಲ ಕಾಯಿ ಯಾವುದೋ ಅದೇ ಆಗುತ್ತಿತ್ತು. ನಾವು ಬಾಲ್ಯದಲ್ಲಿ ಕಲಿತದ್ದೂ ಈ ದೇಶೀ ಪದ್ಧತಿಯನ್ನೇ.

ಪದಾತಿ ಒಂದೇ ಮನೆ ನಡೆಯುವ ಆಟದಲ್ಲಿ ಮಣೆಯ ನಡುಭಾಗಕ್ಕೆ ಧಾವಿಸಲು ಬರುವುದಿಲ್ಲ. ಆಟಗಾರನು ತನ್ನ ಮನೆಯಂಗಳವನ್ನು ಮೊದಲು ಒಪ್ಪಮಾಡಿಕೊಳ್ಳುತ್ತಾನೆ. ಪಕ್ಕದ ಪದಾತಿಯನ್ನು ಒಂದು ಮನೆ ಸರಿಸಿ, ಆ ಬಿಟ್ಟ ಮನೆಯಲ್ಲಿ ಒಂಟೆಯನ್ನು ಕೂರಿಸಿ, ದೂರದಿಂದ ಇಡೀ ಮೂಲೆಸಾಲನ್ನು ಕಾಯುತ್ತಾನೆ. ಈ ಅಭ್ಯಾಸವನ್ನೇ ಪಡುವಣದ ನಿಯಮದ ಆಟಕ್ಕೂ ಕೊಂಡೊಯ್ದವರು ಮಹೇಶಚಂದ್ರ ಬ್ಯಾನರ್ಜಿ ಎಂಬ ಬಂಗಾಳದ ಬ್ರಾಹ್ಮಣರು.

೧೯ನೆಯ ಶತಮಾನದ ನಡುಭಾಗದಲ್ಲಿ ಕೋಲ್ಕತ್ತೆಯಲ್ಲಿ ಜಾನ್ ಕಾಕ್ರೇನ್ ಎಂಬ ಸ್ಕಾಟ್ಲೆಂಡಿನ ಬ್ಯಾರಿಸ್ಟರರಿದ್ದರು. ಅಂದಿನ ಇಂಗ್ಲೆಂಡಿನ ಅಗ್ರಗಣ್ಯ ಆಟಗಾರ ಸ್ಟಾಂಟನ್ನರೊಡನೆ ಕುಳಿತು ಆಡಿದ್ದವರು. ಕೋಲ್ಕತ್ತೆಯ ಹೊರಗಿನ ಹಳ್ಳಿಗಾಡಿನಲ್ಲಿ ಯಾರಿಗೂ ಸೋಲದ ಆಟಗಾರರೊಬ್ಬರಿದ್ದಾರೆಂಬ ಸುದ್ದಿ ಕೇಳಿ ಅವರನ್ನು ಕರೆಸಿಕೊಂಡರು. ಹೀಗೆ ಕೂಡಿದ ಇಬ್ಬರೂ ವರ್ಷಗಟ್ಟಲೆ ನೂರಾರು ಆಟಗಳನ್ನಾಡಿದರು. ಕಾಕ್ರೇನರು ಅವುಗಳ ನಡೆಗಳನ್ನು ಬರೆದು ಇಂಗ್ಲೆಂಡಿನ ಪತ್ರಿಕೆಗಳಿಗೆ ಕಳುಹಿಸಿದರು. ಅವುಗಳಲ್ಲಿ ಹೆಚ್ಚಿನವು ಮಹೇಶಚಂದ್ರರು ಸೋತ ಆಟಗಳು.

೧೮೫೫ರ ಆಟ

ಆ ಆಟಗಳಲ್ಲಿ ೧೮೫೫ರ ಒಂದನ್ನು ನಾವು ಮಣೆಯ ಮೇಲೆ ನಡೆಸಿ ನೋಡಿದೆವು. ಅಟ್ಟದ ಮಣೆ ತೆಗೆಯುವಂತಿರಲಿಲ್ಲವಾದ್ದರಿಂದ, ಮೊಮ್ಮಗನು ರಟ್ಟಿನ ಮೇಲೆ ಗೆರೆ ಎಳೆದು, ಗುಂಡಿಗಳನ್ನೂ ಹುಣಿಸೆಬೀಜಗಳನ್ನೂ ಕಾಯಿ ಮಾಡಿಕೊಂಡನು. ಆಟ ಬಲ್ಲ ಮಕ್ಕಳು ಮನೆಯಲ್ಲಿದ್ದರೆ ಓದುಗರೂ ನಮ್ಮೊಡನೆ ನಡೆಸಿ ನೋಡಬಹುದು.

ಬಿಳಿಯ ಕಾಯಿಗಳು ಕಾಕ್ರೇನರವು, ಕರಿಯವು ಮಹೇಶಚಂದ್ರರವು. ಕಾಕ್ರೇನರು ಮಂತ್ರಿಯ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದರು. ಎದುರಿಗೆ ಪದಾತಿಯನ್ನೇ ತಂದು ನಿಲ್ಲಿಸುವುದು ಆ ಕಾಲದ ವಾಡಿಕೆ. ಮಹೇಶಚಂದ್ರರು ಹಾಗೆ ಮಾಡದೆ ರಾಜನ ಕಡೆಯ ಕುದುರೆಯನ್ನು ಹೊರತಂದರು. ಬಿಳಿಯು ಮಂತ್ರಿಯ ಕಡೆಯ ಒಂಟೆಯ ಮುಂದಿನ ಪದಾತಿಯನ್ನು ಎರಡು ಮನೆ ನಡೆಸಿದಾಗ, ಇವರು ಕುದುರೆ ಬಿಟ್ಟುಬಂದ ಮನೆಯ ಮುಂದಿನ ಪದಾತಿಯನ್ನು ಒಂದೇ ಒಂದು ಮನೆ ಸರಿಸಿದರು. ಹಳ್ಳಿಯ ಜಗಲಿಯಲ್ಲಿ ಕಲಿತ ಒಂದೇ ಮನೆಯ ನಡಿಗೆಯಿದು! ಬಿಳಿಯ ಕುದುರೆಯೊಂದು ಹೊರಬಂದೊಡನೆ, ಇವರು ತಮ್ಮ ಮಂತ್ರಿಯ ಪದಾತಿಯನ್ನು ಎರಡು ಮನೆ ನುಗ್ಗಿಸಿ ನಡುಮಣೆಯಲ್ಲಿ ಸವಾಲು ಹಾಕಿದರು. ನಾಲ್ಕನೆಯ ನಡೆಗೆ ಒಂಟೆ ಮೂಲೆಸಾಲನ್ನು ಹಿಡಿದು ಕುಳಿತಿತು. ಐದನೆಯದಕ್ಕೆ ರಾಜನು ಕೋಟೆ ಸೇರಿದನು.

"ತಾತ, ಇದು ನಮ್ಮ ಆಟವೇ!" ಎಂದನು ಹುಡುಗ. ಅವನು ಶಾಲೆಯಲ್ಲಿ ಕಲಿತ ಗ್ರೂನ್‌ಫೆಲ್ಡ್ ರಕ್ಷಣೆ ನಡೆಗೆ ನಡೆ ಅಲ್ಲಿತ್ತು. ನಡುಮಣೆಯನ್ನು ಎದುರಾಳಿಗೆ ಬಿಟ್ಟುಕೊಟ್ಟಂತೆ ಮಾಡಿ, ಅನಂತರ ದೂರದ ಒಂಟೆಯಿಂದಲೂ ಪಕ್ಕದ ಪದಾತಿಯಿಂದಲೂ ಅದನ್ನು ಒತ್ತುವುದು ಈ ಆರಂಭದ ತಿರುಳು.

ಮುಂದೆ ಪದಾತಿಗಳೂ ಕುದುರೆಗಳೂ ಕೈ ಬದಲಾದವು. ಹದಿಮೂರನೆಯ ನಡೆಯ ಹೊತ್ತಿಗೆ ಕರಿಯ ಮಂತ್ರಿ ಮಣೆಯ ಅಂಚಿಗೆ ಬಂದು ನಿಂತಿತ್ತು. ಹದಿನಾಲ್ಕನೆಯ ನಡೆಯಲ್ಲಿ ಬಿಳಿಯ ಮಂತ್ರಿ, ಕರಿ ರಾಜನ ಓರೆಗಿದ್ದ ಪದಾತಿಯ ಕಡೆ ನೇರ ದೃಷ್ಟಿಯಿಟ್ಟಿತು. ಆ ಪದಾತಿಯ ಹಿಂದೆ ಕಾವಲಿಗಿದ್ದದ್ದು ರಾಜನ ಪಕ್ಕದ ಆನೆ. ಮಹೇಶಚಂದ್ರರು ಆ ಆನೆಯನ್ನು ಒಂದು ಮನೆ ಸರಿಸಿದರು.

ಇಲ್ಲಿ ಮೊಮ್ಮಗನ ಕೈ ನಿಂತಿತು. ಅವನು ರಟ್ಟಿನ ಮೇಲಿನ ಗುಂಡಿಯನ್ನೇ ದಿಟ್ಟಿಸಿ, "ತಾತ, ಇವರೂ ಅದೇ ಆನೆಯನ್ನೇ ಸರಿಸಿಬಿಟ್ಟರು," ಎಂದನು. ನಾವು ಉತ್ತರ ಕೊಡಲಿಲ್ಲ; ಮುಂದಿನ ನಡೆ ಓದಿದೆವು.

ಬಿಳಿಯ ಆನೆ ಕರಿಯ ಮಂತ್ರಿಯನ್ನು ಎರಡು ಬಾರಿ ಅಟ್ಟಿ, ಹುಟ್ಟಿದ ಮನೆಗೇ ಹಿಂದಿರುಗಿಸಿತು. ಬಿಳಿಯ ಕುದುರೆ ಮುಂದಕ್ಕೆ ನೆಗೆಯಿತು. ಅದು ಬಿಟ್ಟ ದಾರಿಯಲ್ಲಿ ಬಿಳಿಯ ಒಂಟೆಯೊಂದು ಕಡಿಯಲು ಸಿಕ್ಕಿತು. ಮಹೇಶಚಂದ್ರರು ಒಂಟೆಯನ್ನು ಕಡಿದರು. ಕುದುರೆಯು ಕಾವಲು ಸಡಿಲಿದ ಆ ಪದಾತಿಯನ್ನು ಕಡಿಯಿತು. ಬಿಳಿಯ ಮಂತ್ರಿಯ ಆಸರೆಯಿದ್ದುದರಿಂದ ರಾಜನು ಅದನ್ನು ಮುಟ್ಟುವಂತಿರಲಿಲ್ಲ. ಕರಿಯ ಕುದುರೆ ಬಿಳಿಯ ಮಂತ್ರಿಯ ಮೇಲೇ ಏರಿಹೋಯಿತು. ಕಾಕ್ರೇನರು ಅದನ್ನು ಲಕ್ಷಿಸಲೇ ಇಲ್ಲ. ಕುದುರೆಯನ್ನು ಪಕ್ಕಕ್ಕೆ ನೆಗೆಸಿ, ಕುದುರೆಯಿಂದಲೂ ಮಂತ್ರಿಯಿಂದಲೂ ಒಮ್ಮೆಲೇ ರಾಜನಿಗೆ ಚೆಕ್ ಕೊಟ್ಟರು. ರಾಜನು ಮೂಲೆ ಸೇರಿದನು. ಆಗ ಬಿಳಿಯ ಮಂತ್ರಿ ರಾಜನ ಮಗ್ಗುಲಿಗೇ ಬಂದು ತನ್ನನ್ನು ಬಲಿಕೊಟ್ಟಿತು. ಕರಿಯ ಆನೆ ಅದನ್ನು ಕಡಿಯದೆ ವಿಧಿಯಿಲ್ಲ. ಕಡಿದೊಡನೆ ಕುದುರೆ ಹಿಂದಿನ ಮನೆಗೇ ಮರಳಿ ನೆಗೆಯಿತು. ತನ್ನ ಆನೆ, ತನ್ನ ಒಂಟೆ, ತನ್ನ ಪದಾತಿಗಳ ನಡುವೆಯೇ ಸಿಕ್ಕಿಬಿದ್ದ ರಾಜನಿಗೆ ಹೆಜ್ಜೆಯಿಡಲು ಒಂದು ಮನೆಯೂ ಉಳಿಯಲಿಲ್ಲ. ಇಪ್ಪತ್ತೊಂದು ನಡೆಗಳಿಗೆ ಆಟ ಸಮಾಪ್ತಿ.

ಹೆಸರು ಉಳಿದ ಬಗೆ

ಅಂದು ಗೆದ್ದವರು ಕಾಕ್ರೇನರು. ಆದರೆ ಆ ಸೋತ ಆಟದ ಮೊದಲ ಐದು ನಡೆಗಳು ಸಾಯಲಿಲ್ಲ. ೧೯೨೨ರಲ್ಲಿ ಆಸ್ಟ್ರಿಯಾದ ಅರ್ನ್ಸ್ಟ್ ಗ್ರೂನ್‌ಫೆಲ್ಡರು ಇದೇ ಕ್ರಮವನ್ನು ಮೇಲ್ಮಟ್ಟದ ಸ್ಪರ್ಧೆಗಳಿಗೆ ತಂದು, ಮುಂದೆ ಜಗಜ್ಜೇತನಾಗಲಿದ್ದ ಅಲೆಖೈನನನ್ನು ವಿಯೆನ್ನಾದಲ್ಲಿ ಸೋಲಿಸಿದರು. ಆರಂಭಕ್ಕೆ ಅವರ ಹೆಸರು ನಿಂತಿತು. ಮೊದಲ ನಡೆಗೆ ಕುದುರೆಯನ್ನು ಹೊರತಂದು, ಒಂದು ಮನೆ ಸರಿಸಿದ ಪದಾತಿಯ ಹಿಂದೆ ಒಂಟೆಯನ್ನು ಕೂರಿಸುವ ಆಟಗಳಿಗೆಲ್ಲ 'ಇಂಡಿಯನ್' ಎಂಬ ಕುಲನಾಮವೇ ಲೋಕರೂಢಿಯಾಯಿತು. ಹಾಗೆ ಕರೆಯುವಾಗ ಲೋಕವು ನೆನೆಯುವುದು ಬಹುಪಾಲು ಆಟಗಳನ್ನು ಸೋತ ಮಹೇಶಚಂದ್ರರನ್ನು.

೧೯೫೬ರಲ್ಲಿ ನ್ಯೂಯಾರ್ಕಿನಲ್ಲಿ ಹದಿಮೂರು ವರ್ಷದ ಬಾಲಕ ಬಾಬಿ ಫಿಶರ್, ಡೊನಾಲ್ಡ್ ಬರ್ನ್ ಎಂಬ ಹಿರಿಯ ಆಟಗಾರರ ಎದುರು ಕರಿಯ ಕಾಯಿಗಳಿಂದ ಇದೇ ಗ್ರೂನ್‌ಫೆಲ್ಡ್ ಆಡಿ, ನಡುವೆ ತನ್ನ ಮಂತ್ರಿಯನ್ನೇ ಬಲಿಕೊಟ್ಟು ಗೆದ್ದನು. 'ಶತಮಾನದ ಆಟ'ವೆಂದು ಅದು ಪ್ರಸಿದ್ಧವಾಗಿದೆ. ೨೦೧೦ರಲ್ಲಿ ಬಲ್ಗೇರಿಯಾದ ಸೋಫಿಯಾದಲ್ಲಿ ಟೊಪಲೋವನ ಎದುರು ವಿಶ್ವಪಟ್ಟಕ್ಕೆ ಆಡಿದ ನಮ್ಮ ವಿಶ್ವನಾಥನ್ ಆನಂದರು ಮೊದಲ ಆಟದಲ್ಲಿ ಇದೇ ಆರಂಭವನ್ನು ಹಿಡಿದು ಸೋತರು. ಸೋತವರು ಧೃತಿಗೆಡದೆ, ಹನ್ನೆರಡು ಆಟಗಳ ಕೊನೆಗೆ ಆರೂವರೆ, ಐದೂವರೆ ಅಂಕಗಳಿಂದ ಪಟ್ಟ ಉಳಿಸಿಕೊಂಡರು. ೨೦೨೪ರಲ್ಲಿ ಸಿಂಗಪುರದಲ್ಲಿ ಹದಿನೆಂಟರ ಗುಕೇಶನೂ ಮೊದಲ ಆಟ ಸೋತೇ ವಿಶ್ವವಿಜೇತನಾದುದು. ನಮ್ಮ ರಾಜ್ಯಕ್ಕೆ ಮೊದಲ ಗ್ರಾಂಡ್‌ಮಾಸ್ಟರ್ ಪದವಿ ತಂದ ಮೈಸೂರಿನ ಎಂ.ಎಸ್. ತೇಜ್‌ಕುಮಾರರಿಗೆ ಆ ಪದವಿ ದೊರೆತದ್ದು ೨೦೧೭ರಲ್ಲಿ. ಆನಂದರು ಭಾರತದ ಮೊದಲ ಗ್ರಾಂಡ್‌ಮಾಸ್ಟರಾದ ೧೯೮೮ರಿಂದ ಎಣಿಸಿದರೆ, ಕನ್ನಡನಾಡು ಅದಕ್ಕಾಗಿ ಸುಮಾರು ಮೂವತ್ತು ವರ್ಷ ಕಾದಂತಾಯಿತು. ಒಂದು ದಿನದ ಸೋಲಿಗೆ ಮಣೆಯನ್ನು ಅಟ್ಟಕ್ಕೆ ಹಾಕುವವರು ಇಷ್ಟು ಕಾಲ ಕಾಯಬಲ್ಲರೇ?

ನಾವು ಗೆದ್ದ ಆಟ

ಈಗ ನಮ್ಮ ಮಾತು. ಮಠದ ಪಾಠಶಾಲೆಯಲ್ಲಿದ್ದಾಗ ನಮಗೆ ಹದಿನಾಲ್ಕು ವಯಸ್ಸು. ೧೯೭೨ರಲ್ಲಿ ಫಿಶರನು ಸ್ಪಾಸ್ಕಿಯನ್ನು ಸೋಲಿಸಿದ ಸುದ್ದಿ ಪತ್ರಿಕೆಯಲ್ಲಿ ಬಂದು ಒಂದೆರಡು ವರ್ಷ ಕಳೆದಿತ್ತು. ವಿದ್ಯಾರ್ಥಿಗಳಲ್ಲಿ ಆಟದ ಹುಚ್ಚು ಹಬ್ಬಿತ್ತು. ನಮಗೆ ವ್ಯಾಕರಣ ಹೇಳುತ್ತಿದ್ದ ವೃದ್ಧ ಪಂಡಿತರು ದೇಶೀ ಚದುರಂಗದಲ್ಲಿ ನಿಷ್ಣಾತರು. ಸಾಯಂಕಾಲ ದಾಸೋಹದ ಗಂಟೆಗೆ ಮೊದಲು ಒಂದು ಆಟ ಆಡುತ್ತಿದ್ದರು. ಅವರನ್ನು ಗೆದ್ದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ.

ಒಂದು ಸಂಜೆ ನಮ್ಮ ಆಟ ಎಂದಿಗಿಂತ ಚೆನ್ನಾಗಿ ಕೂಡಿತ್ತು. ಅಷ್ಟರಲ್ಲಿ ಗಂಟೆಯಾಯಿತು. ಅವರು ಎದ್ದು ಕಿಟಕಿಯ ಬಳಿ ಹೋಗಿ ಯಾರಿಗೋ ಏನೋ ಹೇಳುತ್ತಿದ್ದರು. ಆ ಅವಕಾಶದಲ್ಲಿ ನಾವು ಒಂದು ಒಂಟೆಯನ್ನು ಪಕ್ಕದ ಮನೆಗೆ ಸರಿಸಿದೆವು. ಬಂದು ಕುಳಿತ ಗುರುಗಳು ಬಹಳ ಹೊತ್ತು ಮಣೆಯನ್ನು ನೋಡಿದರು. ಅನಂತರ ನಮ್ಮ ಮುಖವನ್ನು ನೋಡಿದರು. "ಗೆದ್ದೆಯಪ್ಪ," ಎಂದಷ್ಟೇ ಹೇಳಿ ಕಾಯಿಗಳನ್ನು ಡಬ್ಬಿಗೆ ತುಂಬಿದರು. ಸಹಪಾಠಿಗಳು ನಮ್ಮನ್ನು ಹೊಗಳಿದರು. ಗುರುಗಳು ವ್ಯಾಕರಣ ಪಾಠವನ್ನು ಎಂದಿನ ವಾತ್ಸಲ್ಯದಿಂದಲೇ ಹೇಳಿದರು. ಆದರೆ ಮತ್ತೆಂದೂ ನಮ್ಮೆದುರು ಮಣೆ ಹಾಸಲಿಲ್ಲ. ಅವರು ಲಿಂಗೈಕ್ಯರಾದಾಗಲೂ ನಾವು ತಪ್ಪನ್ನು ಒಪ್ಪಿಕೊಂಡಿರಲಿಲ್ಲ. ನಾವು ಸೋತ ಆಟಗಳಲ್ಲಿ ಒಂದೂ ಇಂದು ನೆನಪಿಲ್ಲ. ಗೆದ್ದ ಆ ಒಂದು ಆಟ ಮಾತ್ರ ಐವತ್ತು ವರ್ಷಗಳಿಂದ ಮರೆತಿಲ್ಲ.

ಇದನ್ನು ನಾವು ಯಾರಿಗೂ ಹೇಳಿರಲಿಲ್ಲ. ಅಂದು ಊಟಕ್ಕೆ ಕುಳಿತಾಗ ಮಗನ ಮುಂದೆಯೂ ಮೊಮ್ಮಗನ ಮುಂದೆಯೂ ಹೇಳಿದೆವು. ಸೊಸೆ ಬಡಿಸುತ್ತಿದ್ದವಳು ನಿಂತಳು. ಮಗನು ತಟ್ಟೆಯಿಂದ ತಲೆಯೆತ್ತಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನಮಗೆಲ್ಲ ಸುಳ್ಳು ಹೇಳಬಾರದೆಂದು ಕಲಿಸಿದವರು ನೀವು, ಅಪ್ಪಾಜಿ," ಎಂದನು. "ನಾವು ಕಲಿಸಿದೆವು. ಮಾಡಿ ತೋರಿಸಿದವನು ನಿನ್ನ ಮಗ," ಎಂದೆವು. ಮತ್ತೆ ಮಾತು ಬೆಳೆಯಲಿಲ್ಲ.

ಹದಿನಾರು ಪದಾತಿಗಳು

ಮುಂದಿನ ಭಾನುವಾರ ಬೆಳಿಗ್ಗೆ ಮಗನು ತಾನಾಗಿಯೇ ನಮ್ಮನ್ನೂ ಹುಡುಗನನ್ನೂ ಹೊರಡಿಸಿಕೊಂಡು ಚನ್ನಪಟ್ಟಣಕ್ಕೆ ಹೋದನು. ರಾಮನಗರದಲ್ಲಿ ಗೆದ್ದ ಹುಡುಗನ ಮನೆಯೇ ಕಾರ್ಖಾನೆ. ಅವನ ತಂದೆ ಲೇತಿನ ಮುಂದೆ ಕುಳಿತಿದ್ದರು. ಚನ್ನಪಟ್ಟಣದ ಬೊಂಬೆಗೆ ಬಳಸುವುದು ಹಾಲೆ ಮರ. ಬೆಳ್ಳಗೆ, ಹಗುರವಾಗಿ, ಕಡೆಯಲು ಮೃದುವಾಗಿರುತ್ತದೆ. ತಿರುಗುವ ಮರಕ್ಕೆ ಉಳಿ ಹಿಡಿದು ಆಕಾರ ತೆಗೆದ ಮೇಲೆ, ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಅನಂತರ ಗರಿಯೊಂದನ್ನು ಒತ್ತಿ ತಿಕ್ಕಿದರೆ ಕನ್ನಡಿಯಂಥ ಹೊಳಪು. ಈ ಕಸುಬಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಲೇತಿನಲ್ಲಿ ದುಂಡನೆಯ ಆಕಾರವೆಲ್ಲ ಬರುತ್ತದೆ. ಕುದುರೆಯ ಮುಖ ಮಾತ್ರ ಬರುವುದಿಲ್ಲ. ಅದನ್ನು ಕೈಯಿಂದಲೇ ಕೆತ್ತಬೇಕು. ಹಾಗಾದರೆ ಕಾಯಿಗಳಲ್ಲಿ ಕಷ್ಟದ್ದು ಕುದುರೆಯೇ ಎಂದು ಕೇಳಿದೆವು. "ಇಲ್ಲ ಸ್ವಾಮಿ, ಪದಾತಿ," ಎಂದರು ಆ ಕುಶಲಕರ್ಮಿ. "ಕುದುರೆ ಒಂದರಂತೆ ಒಂದಿಲ್ಲದಿದ್ದರೂ ಯಾರೂ ಕೇಳುವುದಿಲ್ಲ. ಪದಾತಿ ಹದಿನಾರೂ ಒಂದೇ ಅಳತೆ ಬರಬೇಕು. ಒಂದು ಹೆಚ್ಚುಕಡಿಮೆಯಾದರೆ ಮಣೆಯ ಮೇಲಿಟ್ಟೊಡನೆ ಕಣ್ಣಿಗೆ ಹೊಡೆಯುತ್ತದೆ." ಯಾರೂ ನೋಡದಿದ್ದಾಗಲೂ ಹದಿನಾರನೆಯದನ್ನು ಮೊದಲನೆಯದರಂತೆಯೇ ಕಡೆಯುವುದು ಕಾಯಕ. ಆ ಮಾತನ್ನು ಮಗನೂ ಕೇಳಿಸಿಕೊಂಡನು.

ಒಳಗೆ ಇಬ್ಬರು ಹುಡುಗರೂ ಆಗಲೇ ಮಣೆ ಹಾಸಿಯಾಗಿತ್ತು. ಮೊಮ್ಮಗನು ಮತ್ತೆ ಕರಿಯ ಕಾಯಿಗಳನ್ನೇ ತೆಗೆದುಕೊಂಡು, ಮತ್ತೆ ಅದೇ ಆರಂಭವನ್ನೇ ಆಡಿದನು. ಈ ಬಾರಿ ಆ ಆನೆ ಬಹಳ ಹೊತ್ತು ಅಲುಗಲಿಲ್ಲ. ಆಟ ಮುಗಿಯುವ ಮೊದಲೇ ಬಸ್ಸಿನ ವೇಳೆಯಾಯಿತು. ಉಳಿದ ಕಾಯಿಗಳು ನಿಂತಿದ್ದ ಮನೆಗಳನ್ನು ಇಬ್ಬರೂ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರು. ಒಬ್ಬರ ಮೇಲೊಬ್ಬರಿಗೆ ನಂಬಿಕೆಯಿದ್ದುದರಿಂದ, ಬರೆದ ಹಾಳೆ ಒಂದೇ ಸಾಕಾಯಿತು.

ಮಕ್ಕಳು ಆಡಿ ಬಂದಾಗ 'ಗೆದ್ದೆಯಾ?' ಎಂದು ಕೇಳುವುದು ನಮ್ಮೆಲ್ಲರ ರೂಢಿ. ಅದಕ್ಕೆ ಬದಲು 'ಹೇಗೆ ಆಡಿದೆ, ತೋರಿಸು' ಎಂದು ಮಣೆಯ ಮುಂದೆ ಕುಳಿತುಕೊಳ್ಳೋಣ. ಓದಿಗೆ ಓದಿನ ಹೊತ್ತು, ಆಟಕ್ಕೆ ಆಟದ ಹೊತ್ತು ಎಂದು ಗೊತ್ತುಮಾಡೋಣ. ಹಣ ಪಣವಿಟ್ಟ ಆಟ ಮಾತ್ರ ಮನೆಯೊಳಗೆ ಬಾರದಿರಲಿ. ಸೋತು ಬಂದ ಮಗುವಿಗೆ ಅಂದಿನ ಊಟ ತಪ್ಪದಿರಲಿ. ನಮ್ಮ ಮನೆಯ ಅಟ್ಟದ ಚೀಲ ಈಗ ಕೆಳಗಿಳಿದಿದೆ. ಸಾಯಂಕಾಲ ಮೊಮ್ಮಗನು ನಮ್ಮೆದುರು ಮಣೆ ಹಾಸುತ್ತಾನೆ. ನಾವು ದೇಶೀ ಪದ್ಧತಿಯಂತೆ ಪದಾತಿಯನ್ನು ಒಂದೇ ಮನೆ ನಡೆಸುತ್ತೇವೆ, ಹೆಚ್ಚಾಗಿ ಸೋಲುತ್ತೇವೆ.